ಫ್ಲೀಸ್ ಹೊದಿಕೆಯಿಂದ ಚಳಿಗಾಲದ ಸ್ಕರ್ಟ್: ಬಟ್ಟೆ ಆರಿಸುವುದರಿಂದ ಅಂಚು ಮಡಿಸುವವರೆಗೆ

ಉಣ್ಣೆ ಬಟ್ಟೆಯ ಸ್ಕರ್ಟ್ ಬೆಚ್ಚಗಿರುತ್ತದೆ ಎಂಬುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಅದರ ಬೆಲೆಯ ಬಗ್ಗೆ. ಹೊಲಿಗೆ ಕಲಿಯುತ್ತಿರುವವರಿಗಂತೂ ಅಷ್ಟು ದುಬಾರಿ ಬಟ್ಟೆಗೆ ಕತ್ತರಿ ಹಾಕಲು ಕೈ ಬರುವುದಿಲ್ಲ. ಆಗ ನೆನಪಾಗಬೇಕಾದದ್ದು ಸೋಫಾ ಮೇಲೆ, ಹಾಸಿಗೆ ಮೇಲೆ ಹೊದೆಯಲು ಮಾರುವ ಪಾಲಿಯೆಸ್ಟರ್ ಫ್ಲೀಸ್ ಹೊದಿಕೆ. ಥಾನಿನಿಂದ ಮೀಟರ್ ಲೆಕ್ಕದಲ್ಲಿ ಕೊಳ್ಳುವ ಫ್ಲೀಸಿಗಿಂತ ಸಿದ್ಧ ಹೊದಿಕೆಯೇ ಎಷ್ಟೋ ಸಲ ಅಗ್ಗವಾಗಿ ಸಿಗುತ್ತದೆ. ಬಟ್ಟೆ ಮಾತ್ರ ಅದೇ. ಅಂಚಿಗೆ ಹೊಲಿಗೆ ಹಾಕಿರುತ್ತಾರೆ, ಅಷ್ಟೇ ವ್ಯತ್ಯಾಸ.

ಉಣ್ಣೆಯ ಜಾಗದಲ್ಲಿ ಫ್ಲೀಸನ್ನು ಇಟ್ಟು, ಉಣ್ಣೆಯ ಹಾಗೆಯೇ ಹೊಲಿಯಲು ಹೋದರೆ ಕೆಲಸ ಕೆಡುತ್ತದೆ. ಉಣ್ಣೆ ನೇಯ್ದ ಬಟ್ಟೆ, ಹಬೆ ಇಸ್ತ್ರಿಗೆ ಬಗ್ಗುತ್ತದೆ, ಕೊಟ್ಟ ಆಕಾರ ಹಿಡಿದುಕೊಳ್ಳುತ್ತದೆ. ಫ್ಲೀಸ್ ನೇಯ್ದದ್ದಲ್ಲ, ಹೆಣೆದದ್ದು. ಅಡ್ಡಕ್ಕೆ ಎಳೆದರೆ ಹಿಗ್ಗುತ್ತದೆ, ಇಸ್ತ್ರಿ ತಾಗಿದರೆ ಮೈ ಹೊಳಪಾಗಿ ಗಟ್ಟಿಯಾಗುತ್ತದೆ, ಮಡಿಕೆ ನಿಲ್ಲುವುದಿಲ್ಲ. ಅದು ಬೆಚ್ಚಗಿರುವುದು ಮೈಮೇಲಿನ ಜೂಲಿನ (ನವಿರಾದ ಎಳೆಗಳ) ನಡುವೆ ನಿಂತ ಗಾಳಿಯಿಂದ. ಆ ಜೂಲಿನೊಳಗೆ ಹೊರಗಿನ ಗಾಳಿಯೂ ಸಲೀಸಾಗಿ ನುಗ್ಗುತ್ತದೆ. ಮನೆಯೊಳಗೆ ಬೆಚ್ಚಗಿದ್ದ ಸ್ಕರ್ಟ್ ಬೀದಿಗೆ ಬಂದೊಡನೆ ತಣ್ಣಗೆನಿಸುವುದು ಇದಕ್ಕೇ. ಹಾಗಾಗಿ ಈ ಸ್ಕರ್ಟಿನಲ್ಲಿ ಫ್ಲೀಸಿನದು ಅರ್ಧ ಕೆಲಸ. ಗಾಳಿ ತಡೆಯುವುದು ಲೈನಿಂಗ್ (ಒಳಪದರದ ಬಟ್ಟೆ), ಆಕಾರ ಹಿಡಿಯುವುದು ಸೊಂಟಪಟ್ಟಿ. ಈ ಎರಡನ್ನೂ ಬಿಟ್ಟು ಬರೀ ಫ್ಲೀಸನ್ನು ಎಲಾಸ್ಟಿಕ್ ಹಾಕಿ ಸುತ್ತಿದರೆ ಸಿಗುವುದು ಸೊಂಟದಲ್ಲಿ ದಪ್ಪ ನೆರಿಗೆ, ನಡೆದಂತೆ ಕಾಲಿಗೆ ಅಂಟಿಕೊಂಡು ಮೇಲೇರುವ ಒಂದು ಚೀಲ.

ಹೊದಿಕೆ ಆರಿಸುವಾಗ

ಈಗ ನಾವು ಫ್ಲೀಸ್ ಎನ್ನುವ ಬಟ್ಟೆಯನ್ನು 1979ರಲ್ಲಿ ಅಮೆರಿಕದ ಮಾಲ್ಡನ್ ಮಿಲ್ಸ್ ಕಂಪನಿ ಹೊರತಂದಿತು. ಇವತ್ತು ಆ ಹೆಸರಿನ ಕೆಳಗೆ ಹತ್ತಾರು ಬಗೆಯ ಬಟ್ಟೆ ಮಾರಾಟವಾಗುತ್ತದೆ, ಎಲ್ಲವೂ ಸ್ಕರ್ಟಿಗೆ ಆಗುವುದಿಲ್ಲ. ಉದ್ದ ಜೂಲಿನ, ಮುಟ್ಟಿದರೆ ಜಾರುವಷ್ಟು ನುಣುಪಾದ ಕೋರಲ್ ಫ್ಲೀಸ್ ನೋಡಲು ಮೋಹಕ. ಆದರೆ ಎರಡು ಪದರ ಒಂದರ ಮೇಲೊಂದು ಇಟ್ಟೊಡನೆ ಜಾರಿ ಹೋಗುತ್ತದೆ, ಕತ್ತರಿಸಿದ ಕಡೆಯಲ್ಲೆಲ್ಲ ಜೂಲು ಉದುರುತ್ತದೆ. ಕುರಿ ತುಪ್ಪಟದಂತೆ ಗುಂಗುರು ಇರುವ ಶೆರ್ಪಾ ಸೊಂಟದಲ್ಲಿ ವಿಪರೀತ ದಪ್ಪ. ಬೇಕಾದದ್ದು ಎರಡೂ ಬದಿ ಗಿಡ್ಡ ಜೂಲು ಇರುವ, ಒತ್ತಾಗಿ ಹೆಣೆದ ಸಾದಾ ಪೋಲಾರ್ ಫ್ಲೀಸ್. ತೂಕ ಚದರ ಮೀಟರಿಗೆ 200ರಿಂದ 250 ಗ್ರಾಂ ಆಸುಪಾಸು ಇರಲಿ. 100 ಗ್ರಾಮಿನದು ಕಾಲಿಗೆ ಸುತ್ತಿಕೊಳ್ಳುತ್ತದೆ, 300 ದಾಟಿದರೆ ಮನೆಯ ಮಾಮೂಲಿ ಮೆಷಿನ್ನು ಹೊಲಿಗೆ ಕೂಡುವ ಕಡೆ ತಿಣುಕುತ್ತದೆ. ಲೇಬಲ್ಲಿನಲ್ಲಿ ತೂಕ ಬರೆದಿರದಿದ್ದರೆ ಹೊದಿಕೆಯನ್ನು ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿ, ಉದ್ದ ಅಗಲವನ್ನು ಮೀಟರಿನಲ್ಲಿ ಗುಣಿಸಿ ಭಾಗಿಸಿದರೆ ಸಾಕು. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದದ ಹೊದಿಕೆ 660 ಗ್ರಾಂ ತೂಗಿದರೆ ಚದರ ಮೀಟರಿಗೆ 220 ಆಯಿತು.

ಗುಣಮಟ್ಟ ನೋಡಲು ಮೂರು ಸಣ್ಣ ಪರೀಕ್ಷೆ. ಬೆಳಕಿಗೆ ಹಿಡಿದರೆ ಹೆಣಿಗೆ ಎಲ್ಲ ಕಡೆ ಒಂದೇ ಸಮ ಕಾಣಬೇಕು, ತೇಪೆ ತೇಪೆಯಾಗಿ ಬೆಳಕು ತೂರಿದರೆ ಅಲ್ಲಿ ಬೇಗ ಸವೆಯುತ್ತದೆ. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಕೂಡಲೇ ಉಬ್ಬಬೇಕು. ಹೆಬ್ಬೆರಳಿನಿಂದ ಒಂದೇ ಜಾಗದಲ್ಲಿ ಇಪ್ಪತ್ತು ಸಲ ಜೋರಾಗಿ ಉಜ್ಜಿದರೆ ನೂಲು ಗಂಟು ಕಟ್ಟಬಾರದು. ಸ್ಕರ್ಟಿನ ಹಿಂಭಾಗ ಕುರ್ಚಿಗೆ ದಿನವಿಡೀ ಉಜ್ಜುತ್ತದೆ, ಅಲ್ಲಿ ಗಂಟು ಬಂದರೆ ಮೊದಲ ಚಳಿಗಾಲದಲ್ಲೇ ಹಳತಾಗಿ ಕಾಣುತ್ತದೆ. ಎಷ್ಟೋ ಹೊದಿಕೆಗಳಲ್ಲಿ ಒಂದು ಬದಿಗೆ ಮಾತ್ರ ಗಂಟು ಕಟ್ಟದ ಹಾಗೆ ಸಂಸ್ಕಾರ ಮಾಡಿರುತ್ತಾರೆ, ಎರಡೂ ಬದಿ ಉಜ್ಜಿ ನೋಡಿ ಗಟ್ಟಿ ಬದಿಯನ್ನು ಹೊರಗೆ ಇಡಿ. ಎರಡೂ ಒಂದೇ ಥರ ಕಂಡರೆ ಕತ್ತರಿಸಿದ ಅಂಚನ್ನು ಅಡ್ಡಕ್ಕೆ ಹಿಗ್ಗಿಸಿ: ಅದು ಸುರುಳಿ ಸುತ್ತುವ ಬದಿ ಸಾಮಾನ್ಯವಾಗಿ ಒಳಬದಿ.

ಅಳತೆಯ ಮಾತು. 60 ಇಂಚು ಅಗಲ, 80 ಅಥವಾ 90 ಇಂಚು ಉದ್ದದ ಹೊದಿಕೆಯಲ್ಲಿ ಮುಂದೆ ಹೇಳುವ ಸ್ಕರ್ಟ್ ಯಾವ ಚಿಂತೆಯೂ ಇಲ್ಲದೆ ಆಗುತ್ತದೆ. 50 ಇಂಚು ಅಗಲ 60 ಇಂಚು ಉದ್ದದ ಚಿಕ್ಕ ಹೊದಿಕೆ ನೋಡಲು ಸಾಕೆನಿಸಿದರೂ ಮೋಸ ಮಾಡುತ್ತದೆ. ಹೆಚ್ಚು ಹಿಗ್ಗುವ ದಿಕ್ಕು ಸೊಂಟದ ಸುತ್ತ ಬರಬೇಕು, ಕಡಿಮೆ ಹಿಗ್ಗುವ ದಿಕ್ಕು ಸ್ಕರ್ಟಿನ ಉದ್ದಕ್ಕೆ ಬರಬೇಕು. ಚಿಕ್ಕ ಹೊದಿಕೆಗಳಲ್ಲಿ ಹಿಗ್ಗು ಎಷ್ಟೋ ಸಲ 60 ಇಂಚಿನ ಕಡೆಗೇ ಇರುತ್ತದೆ. ಈ ಸ್ಕರ್ಟಿಗೆ 12 ಇಂಚು ಅಗಲದ ಆರು ಪ್ಯಾನೆಲ್ (ಸೊಂಟದಿಂದ ಕೆಳಗಿನವರೆಗಿನ ಉದ್ದ ತುಂಡು) ಬೇಕು. ಆಗ ಒಂದು ಸಾಲಿನಲ್ಲಿ ಹೆಚ್ಚೆಂದರೆ ಐದು ಕೂರುತ್ತವೆ, ಆರನೆಯದಕ್ಕೆ ಜಾಗವಿರುವುದಿಲ್ಲ. ಕೊಳ್ಳುವ ಮೊದಲೇ ಎರಡೂ ದಿಕ್ಕಿಗೆ ಎಳೆದು ನೋಡಿ.

ಲೈನಿಂಗ್

ಪಾಲಿಯೆಸ್ಟರ್ ತೇವ ಹಿಡಿಯುವುದೇ ಇಲ್ಲ ಎನ್ನಬಹುದು: ತನ್ನ ತೂಕದ ಶೇ. 0.4ರಷ್ಟು ಮಾತ್ರ. ಹತ್ತಿ ಶೇ. 8ರ ಆಸುಪಾಸು, ವಿಸ್ಕೋಸ್ ಅದಕ್ಕೂ ಹೆಚ್ಚು. ಒಣ ಚಳಿಯಲ್ಲಿ ಫ್ಲೀಸಿನ ಕೆಳಗೆ ಪಾಲಿಯೆಸ್ಟರ್ ಸ್ಯಾಟಿನ್ ಹಾಕಿದರೆ ಎರಡೂ ಉಜ್ಜಿ ವಿದ್ಯುತ್ ಹುಟ್ಟುತ್ತದೆ, ಅದು ಹರಿದುಹೋಗಲು ತೇವವಿಲ್ಲ. ಚಟಪಟ ಸದ್ದು, ಕಾಲಿಗೆ ಅಂಟುವ ಕಾಟ ಎಲ್ಲ ಇದರಿಂದಲೇ. ಅಗ್ಗವೆಂದು ಪಾಲಿಯೆಸ್ಟರ್ ಲೈನಿಂಗ್ ಆರಿಸುವವರು ಕೊನೆಗೆ ಸ್ಕರ್ಟನ್ನು ಬೀರುವಿನಲ್ಲಿ ಇಟ್ಟುಬಿಡುತ್ತಾರೆ.

ಕಾಲಿಗೆ ಟೈಟ್ಸ್ ಅಥವಾ ಲೆಗ್ಗಿಂಗ್ಸ್ ಹಾಕುವವರಿಗೆ ವಿಸ್ಕೋಸ್ ಲೈನಿಂಗ್ ಅತ್ಯುತ್ತಮ. ಜಾರುತ್ತದೆ, ಅಂಟುವುದಿಲ್ಲ. ಕತ್ತರಿಸಿದ ಅಂಚು ಸರಸರನೆ ಎಳೆ ಬಿಡುತ್ತದೆ ಎಂಬುದೊಂದೇ ದೋಷ, ಇಂಟರ್‌ಲಾಕ್ ಅಥವಾ ಅಂಚಿಗೆ ಜಿಗ್‌ಜಾಗ್ ತಪ್ಪಿಸುವಂತಿಲ್ಲ. ಒತ್ತು ನೇಯ್ಗೆಯ ಹತ್ತಿ ಪಾಪ್ಲಿನ್ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ, ಅಗ್ಗ, ಹೊಲಿಯಲು ಸುಲಭ. ಆದರೆ ಹತ್ತಿ ಲೆಗ್ಗಿಂಗ್ಸ್ ಮೇಲೆ ಹತ್ತಿ ಲೈನಿಂಗ್ ಹಿಡಿದುಕೊಂಡು ಹೆಜ್ಜೆ ಹೆಜ್ಜೆಗೂ ಮೇಲೆ ಹತ್ತುತ್ತದೆ. ಮಲ್‌ಮಲ್‌ನಂಥ ತೆಳು ಜಾಳು ಬಟ್ಟೆ ಬೇಡ, ಗಾಳಿ ತಡೆಯದ ಲೈನಿಂಗ್ ಇಲ್ಲಿ ಇದ್ದೂ ಇಲ್ಲದಂತೆ. ಬಟ್ಟೆಯ ಮೇಲೆ ತುಟಿ ಒತ್ತಿ ಊದಿ ನೋಡಿ: ಆಚೆ ಬದಿಯ ಅಂಗೈಗೆ ಗಾಳಿ ಧಾರಾಳವಾಗಿ ತಾಗಿದರೆ ಪಕ್ಕಕ್ಕಿಡಿ.

ಲೈನಿಂಗ್ ಒಳಗಿದ್ದಾಗ ಅದು ಗಾಳಿಯನ್ನು ಮೈಗೆ ತಾಗದಂತೆ ತಡೆಯುತ್ತದೆ, ಆದರೆ ಫ್ಲೀಸಿನ ಜೂಲಿನಲ್ಲಿರುವ ಬೆಚ್ಚನೆಯ ಗಾಳಿಯನ್ನು ಪೂರ್ತಿ ಉಳಿಸಲಾರದು. ಬಿರುಗಾಳಿಯಲ್ಲಿ ಓಡಾಡಬೇಕಾದವರು ಲೆಕ್ಕವನ್ನು ತಿರುಗಿಸಬಹುದು: ಹೊರಗೆ ಗ್ಯಾಬರ್ಡಿನ್ ಅಥವಾ ತೆಳು ಡೆನಿಮ್, ನಡುವೆ 100 ಗ್ರಾಮಿನ ಫ್ಲೀಸ್, ಒಳಗೆ ಜಾರುವ ಲೈನಿಂಗ್. ಅದು ಮೂರು ಪದರದ ಬೇರೆಯೇ ಕೆಲಸ. ದಿನಬಳಕೆಗೆ ಎರಡು ಪದರ ಸಾಕು.

ಲೈನಿಂಗನ್ನೂ ಸೊಂಟಪಟ್ಟಿಯ ಹತ್ತಿ ಬಟ್ಟೆಯನ್ನೂ ಕತ್ತರಿಸುವ ಮೊದಲು ಒಮ್ಮೆ ಒಗೆದು ಇಸ್ತ್ರಿ ಮಾಡಲೇಬೇಕು. ಫ್ಲೀಸ್ ಕುಗ್ಗುವುದಿಲ್ಲ, ಹತ್ತಿ ಮತ್ತು ವಿಸ್ಕೋಸ್ ಕುಗ್ಗುತ್ತವೆ. ಹೊಲಿದ ಮೇಲೆ ಒಳಗಿನದು ಕುಗ್ಗಿದರೆ ಹೊರಗಿನದು ಚೀಲದಂತೆ ಜೋಲುತ್ತದೆ.

ಅಳತೆ ಮತ್ತು ಕಾಗದದ ಮಾದರಿ

ನೆರಿಗೆ ಇಲ್ಲದ, ಡಾರ್ಟ್ (ಸೊಂಟ ಕಿರಿದಾಗಿಸಲು ಹೊಲಿಯುವ ಚೂಪು ಮಡಿಕೆ) ಇಲ್ಲದ ಆರು ಪ್ಯಾನೆಲ್ ಸ್ಕರ್ಟ್ ಈ ಬಟ್ಟೆಗೆ ಹೇಳಿ ಮಾಡಿಸಿದ್ದು. ದಪ್ಪ ಬಟ್ಟೆಯಲ್ಲಿ ಡಾರ್ಟ್ ಹಾಕಿದರೆ ತುದಿಯಲ್ಲಿ ಮೊಳೆಯಂತೆ ಉಬ್ಬುತ್ತದೆ, ಇಸ್ತ್ರಿಯಿಂದ ಅದನ್ನು ಕೂರಿಸುವಂತಿಲ್ಲ. ಆರು ಪ್ಯಾನೆಲ್ ಇದ್ದರೆ ಸೊಂಟಕ್ಕೂ ಹಿಪ್ಪಿಗೂ ಇರುವ ವ್ಯತ್ಯಾಸ ಆರು ಹೊಲಿಗೆಗಳಲ್ಲಿ ಹಂಚಿಹೋಗುತ್ತದೆ.

ಉದಾಹರಣೆಗೆ ಸೊಂಟ 29, ಹಿಪ್ 39 ಇಂಚು ಇದೆ ಎನ್ನಿ. ಚಳಿಗೆ ಒಳಗೆ ಇನ್ನೊಂದು ಪದರ ಹಾಕುವುದರಿಂದ ಸೊಂಟಕ್ಕೆ 1 ಇಂಚು, ಹಿಪ್ಪಿಗೆ 3 ಇಂಚು ಸಡಿಲ ಸೇರಿಸಿ: 30 ಮತ್ತು 42. ಕೆಳಗಿನ ಘೇರು 66 ಇರಲಿ, 28 ಇಂಚು ಉದ್ದದ ಸ್ಕರ್ಟಿನಲ್ಲಿ ದೊಡ್ಡ ಹೆಜ್ಜೆ ಇಡಲೂ ಮೆಟ್ಟಿಲು ಹತ್ತಲೂ ಸೀಳು ಬೇಕಾಗುವುದಿಲ್ಲ. ಆರರಿಂದ ಭಾಗಿಸಿದರೆ ಒಂದು ಪ್ಯಾನೆಲ್ ಸೊಂಟದಲ್ಲಿ 5, ಹಿಪ್ಪಿನಲ್ಲಿ 7, ಕೆಳಗೆ 11 ಇಂಚು. ಎರಡೂ ಬದಿಗೆ ಅರ್ಧರ್ಧ ಇಂಚು ಹೊಲಿಗೆ ಅಂಚು ಸೇರಿ ಕತ್ತರಿಸುವ ಅಗಲ 6, 8, 12. ಹಿಪ್ ಗೆರೆ ಸೊಂಟದಿಂದ 8 ಇಂಚು ಕೆಳಗೆ. ಉದ್ದ 28ಕ್ಕೆ ಮೇಲೆ ಅರ್ಧ ಇಂಚು, ಕೆಳಗೆ ಮಡಿಸಲು 1 ಇಂಚು, ಒಟ್ಟು 29½. ಅಳತೆ ತೆಗೆಯುವಾಗ ಸ್ಕರ್ಟಿನ ಕೆಳಗೆ ಹಾಕುವ ಲೆಗ್ಗಿಂಗ್ಸ್ ಹಾಕಿಕೊಂಡೇ ಟೇಪು ಹಿಡಿಯಿರಿ.

ಮಾದರಿ ಗೀಚುವಾಗ ಮೂರು ಸಣ್ಣ ತಿದ್ದುಪಡಿ ಇವೆ, ಬಿಟ್ಟರೆ ಸ್ಕರ್ಟ್ ಮೂಲೆ ಮೂಲೆಯಾಗಿ ನೇತಾಡುತ್ತದೆ. ಸೊಂಟದ ಗೆರೆಯನ್ನು ಎರಡೂ ಬದಿಯಲ್ಲಿ 1/8 ಇಂಚು ಮೇಲಕ್ಕೆ ಎತ್ತಿ ನಡುವಿಗೆ ಇಳಿಯುವ ಕಮಾನು ಮಾಡಿ. ಕೆಳಗಿನ ಅಂಚನ್ನೂ ಎರಡು ಬದಿಯಲ್ಲಿ ಕಾಲಿಂಚು ಎತ್ತಿ ಕಮಾನು ಮಾಡಿ. ಮಡಿಸುವ ಗೆರೆಯಿಂದ ಕೆಳಗಿನ ಆ ಒಂದು ಇಂಚು ಮತ್ತೆ ಅಗಲವಾಗುತ್ತ ಹೋಗದೆ ಒಳಕ್ಕೆ ವಾಲಬೇಕು, ಅಂದರೆ ಮಡಿಸಿದಾಗ ಮೇಲಿನ ಬಟ್ಟೆಯ ಓರೆಗೆ ಸರಿಯಾಗಿ ಹೊಂದಬೇಕು. ಹಾಗೆ ಮಾಡದಿದ್ದರೆ ಈ ಘೇರಿಗೆ ಅಂಚಿನಲ್ಲಿ ಎರಡು ಎರಡೂವರೆ ಇಂಚು ಬಟ್ಟೆ ಹೆಚ್ಚಾಗಿ ಉಳಿದು ಸುಕ್ಕಾಗುತ್ತದೆ.

ಲೈನಿಂಗಿಗೂ ಇದೇ ಮಾದರಿ, ಉದ್ದ ಮಾತ್ರ 1 ಇಂಚು ಕಡಿಮೆ. ಒಂದು ಸೂಕ್ಷ್ಮ ಇದೆ. ಕೂತಾಗ ಫ್ಲೀಸ್ ಹಿಗ್ಗುತ್ತದೆ, ನೇಯ್ದ ಲೈನಿಂಗ್ ಹಿಗ್ಗುವುದಿಲ್ಲ. ಎರಡೂ ಒಂದೇ ಅಳತೆಯಲ್ಲಿದ್ದರೆ ಒಳಗಿನ ಹೊಲಿಗೆ ಹಿಪ್ಪಿನ ಬಳಿ ಬಿಚ್ಚಿಕೊಳ್ಳುತ್ತದೆ. ಪರಿಹಾರ ಸುಲಭ: ಕತ್ತರಿಸುವುದು ಒಂದೇ ಅಗಲಕ್ಕೆ, ಹೊಲಿಯುವಾಗ ಲೈನಿಂಗಿನ ಅಂಚು ಅರ್ಧ ಇಂಚಿನ ಬದಲು 3/8 ಇಂಚು ಹಿಡಿಯಿರಿ. ಹನ್ನೆರಡು ಅಂಚಿನಿಂದ ಒಟ್ಟು ಒಂದೂವರೆ ಇಂಚು ಸಡಿಲ ಸಿಗುತ್ತದೆ. ಸೊಂಟದಲ್ಲಿ ಅದೇ ಒಂದೂವರೆ ಇಂಚನ್ನು ಮೂರು ಪುಟ್ಟ ಮಡಿಕೆಯಾಗಿ ಹಿಡಿದುಬಿಟ್ಟರೆ ಆಯಿತು.

44 ಇಂಚು ಅಗಲದ ಲೈನಿಂಗ್ ಒಂದೂವರೆ ಮೀಟರ್ ಬೇಕು. ಸಾದಾ ಲೈನಿಂಗಿಗೆ ಜೂಲಿನ ದಿಕ್ಕಿಲ್ಲ, ಪ್ಯಾನೆಲ್‌ಗಳನ್ನು ತಲೆ ಕೆಳಗೆ ಮಾಡಿ ಒಂದರ ಪಕ್ಕ ಒಂದು ಹೆಣೆದರೆ ಸಾಲಿಗೆ ನಾಲ್ಕು ಕೂರುತ್ತವೆ. ಎರಡನೇ ಸಾಲಿನಲ್ಲಿ ಉಳಿಯುವ ಜಾಗದಲ್ಲಿ ಜೇಬು. ಸೊಂಟಪಟ್ಟಿಗೆ 4 ಇಂಚು ಅಗಲ, 32 ಇಂಚು ಉದ್ದದ ಹತ್ತಿ ಟ್ವಿಲ್ ಅಥವಾ ಹಳೆಯ ಡೆನಿಮ್ ಪ್ಯಾಂಟಿನ ಕಾಲು. 8 ಇಂಚಿನ ಮಾಮೂಲಿ ನೈಲಾನ್ ಜಿಪ್, ಒಂದು ಪ್ಯಾಂಟ್ ಹುಕ್ಕು, ಪಾಲಿಯೆಸ್ಟರ್ ದಾರ ಎರಡು ರೀಲು, ಸೊಂಟಪಟ್ಟಿ ಗಟ್ಟಿಯಾಗಿ ನಿಲ್ಲಲು ಒಳಗೆ ಇಸ್ತ್ರಿಯಿಂದ ಅಂಟಿಸುವ ಕ್ಯಾನ್ವಾಸ್. ಹತ್ತಿ ದಾರ ಬೇಡ, ಫ್ಲೀಸ್ ಹಿಗ್ಗಿದಾಗ ಅದು ಪಟಕ್ಕನೆ ತುಂಡಾಗುತ್ತದೆ. ಅದೃಶ್ಯ ಜಿಪ್ಪೂ ಬೇಡ, ಅದರ ಹಲ್ಲಿಗೆ ಜೂಲು ಸಿಕ್ಕಿಕೊಳ್ಳುತ್ತದೆ.

ಕತ್ತರಿಸುವುದು

ಹೊದಿಕೆಯ ಸುತ್ತಲಿನ ಹೊಲಿಗೆಯನ್ನು ಬಿಚ್ಚುತ್ತ ಕೂರಬೇಡಿ, ಅರ್ಧ ಇಂಚು ಒಳಗೆ ಕತ್ತರಿಸಿ ಎಸೆಯಿರಿ. ಆ ಅಂಚು ಹೇಗೂ ಎಳೆದು ಅಲೆ ಅಲೆಯಾಗಿರುತ್ತದೆ.

ಅಂಗೈಯಿಂದ ಸವರಿದಾಗ ಜೂಲು ಮಲಗುವ ದಿಕ್ಕು ಗೊತ್ತಾಗುತ್ತದೆ. ಎಲ್ಲ ಪ್ಯಾನೆಲ್‌ನಲ್ಲೂ ಜೂಲು ಕೆಳಮುಖವಾಗಿರಲಿ. ಒಂದು ಪ್ಯಾನೆಲ್ ತಿರುಗಾಮುರುಗಾ ಆದರೆ ಅದೊಂದೇ ಬೇರೆ ಬಣ್ಣದ್ದು ಎನಿಸುವಷ್ಟು ಛಾಯೆ ಬದಲಾಗುತ್ತದೆ, ಗಾಢ ಬಣ್ಣದಲ್ಲಿ ಇನ್ನೂ ಹೆಚ್ಚು. ಬಟ್ಟೆ ಉಳಿಸುವ ಆಸೆಗೆ ತಲೆಕೆಳಗೆ ಹೆಣೆಯುವುದು ಲೈನಿಂಗಿಗೆ ಮಾತ್ರ.

ಎರಡು ಪದರ ಮಡಿಸಿ ಕತ್ತರಿಸಿದರೆ ಕೆಳಗಿನ ಪದರ ಜರುಗಿ ಕಾಲಿಂಚು ವ್ಯತ್ಯಾಸ ಬರುತ್ತದೆ. ಆರು ಪ್ಯಾನೆಲ್‌ಗೆ ಅದು ಒಂದೂವರೆ ಇಂಚಾಯಿತು, ಸೊಂಟದ ಲೆಕ್ಕವೇ ತಪ್ಪಿತು. ಒಂದೊಂದೇ ಪದರ, ಒಳಬದಿ ಮೇಲೆ ಮಾಡಿ, ಮಾದರಿಯ ಮೇಲೆ ಭಾರ ಇಟ್ಟು, ಚಾಕಿನಿಂದ ಗೆರೆ ಎಳೆದು ಕತ್ತರಿಸಿ. ಗುಂಡುಸೂಜಿ ಜೂಲಿನೊಳಗೆ ಹುದುಗಿ ಕಳೆದುಹೋಗುತ್ತದೆ, ಹೊಲಿಯುವಾಗ ಮೆಷಿನ್ನಿನ ಸೂಜಿಗೆ ಸಿಕ್ಕಿ ಮುರಿಯುತ್ತದೆ. ಬಟ್ಟೆ ಒಣಹಾಕುವ ಚಿಕ್ಕ ಕ್ಲಿಪ್ಪುಗಳೇ ಲೇಸು. ಕತ್ತರಿಸಿ ಮುಗಿದೊಡನೆ ಅಂಚುಗಳನ್ನು ಕೊಡವಿ, ಅಗಲ ಟೇಪಿನಿಂದ ಜೂಲು ಒರೆಸಿ ತೆಗೆಯಿರಿ. ಈ ಪುಡಿ ಬಾಬಿನ್ ಕೇಸಿನೊಳಗೆ ಸೇರಿದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ.

ಮೆಷಿನ್ನು ಸಜ್ಜು ಮಾಡುವುದು

14ನೇ ನಂಬರಿನ ಬಾಲ್ ಪಾಯಿಂಟ್ ಸೂಜಿ ಹಾಕಿ. ಚೂಪು ತುದಿಯ ಮಾಮೂಲಿ ಸೂಜಿ ಹೆಣಿಗೆಯ ಕುಣಿಕೆಯನ್ನೇ ಚುಚ್ಚಿ ಕಡಿಯುತ್ತದೆ, ಗುಂಡು ತುದಿಯದು ಕುಣಿಕೆಗಳನ್ನು ಸರಿಸಿ ನಡುವೆ ಇಳಿಯುತ್ತದೆ. ಹೊಲಿಗೆಯ ಉದ್ದ 3ರಿಂದ 3.5 ಮಿಲಿಮೀಟರ್. ಚಿಕ್ಕ ಹೊಲಿಗೆ ಜೂಲಿನಲ್ಲಿ ಹೂತುಹೋಗುತ್ತದೆ, ಬಟ್ಟೆಯನ್ನು ಹಿಗ್ಗಿಸುತ್ತದೆ, ತಪ್ಪಾದರೆ ಬಿಚ್ಚಲು ದಾರವೇ ಕಾಣಿಸುವುದಿಲ್ಲ. ಜಿಗ್‌ಜಾಗ್ ಇರುವ ಮೆಷಿನ್ನಾದರೆ ಅಗಲ 0.5 ಇಟ್ಟು ಹೊಲಿಯಿರಿ, ನೋಡಲು ನೇರ ಹೊಲಿಗೆಯಂತೆಯೇ ಇದ್ದು ಹಿಗ್ಗಿಗೆ ಜಾಗ ಕೊಡುತ್ತದೆ. ನೇರ ಹೊಲಿಗೆ ಮಾತ್ರ ಇರುವ ಮೆಷಿನ್ನಿನಲ್ಲೂ ಈ ಸ್ಕರ್ಟ್ ಆಗುತ್ತದೆ. ಹೊಲಿಗೆಗಳು ಉದ್ದಕ್ಕೆ, ಕಡಿಮೆ ಹಿಗ್ಗುವ ದಿಕ್ಕಿಗೆ ಬರುವುದರಿಂದ ದಾರಕ್ಕೆ ಅಷ್ಟೇನೂ ಎಳೆತವಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಮೆಷಿನ್ನಿನ ಪಾದದ (ಸೂಜಿಯ ಬಳಿ ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫೂಟ್) ಒತ್ತಡ. ಫ್ಲೀಸಿನ ಹೊಲಿಗೆ ಅಲೆ ಅಲೆಯಾಗಿ ಏಳುವುದಕ್ಕೆ ನೂರಕ್ಕೆ ತೊಂಬತ್ತು ಪಾಲು ಕಾರಣ ಇದೇ. ಮೇಲಿನ ಪದರವನ್ನು ಪಾದ ಒತ್ತಿ ಹಿಡಿಯುತ್ತದೆ, ಕೆಳಗಿನ ಪದರವನ್ನು ಪಾದದ ಅಡಿಯ ಲೋಹದ ಹಲ್ಲು ಎಳೆಯುತ್ತದೆ. ಎರಡರ ಜಗಳದಲ್ಲಿ ಬಟ್ಟೆ ಹಿಗ್ಗಿದ ಸ್ಥಿತಿಯಲ್ಲೇ ಹೊಲಿಗೆ ಬಿದ್ದು ಹಾಗೆಯೇ ನಿಂತುಬಿಡುತ್ತದೆ. ಪಾದದ ಮೇಲಿನ ತಿರುಪನ್ನು ಸಡಿಲ ಮಾಡಿ, ಚೂರು ಬಟ್ಟೆಯ ಮೇಲೆ ಪರೀಕ್ಷಿಸಿ. 10 ಇಂಚಿನ ಎರಡು ತುಂಡು ಜೋಡಿಸಿ ಹೊಲಿದು ಮತ್ತೆ ಅಳೆಯಿರಿ: 10 ಇಂಚೇ ಇದ್ದರೆ ಸರಿ, 10½ ಆಗಿದ್ದರೆ ಇನ್ನೂ ಸಡಿಲ ಬೇಕು. ತಿರುಪೇ ಇಲ್ಲದ ಮೆಷಿನ್ನಾದರೆ ಮೇಲಿನ ಪದರವನ್ನೂ ಮುಂದಕ್ಕೆ ಸಾಗಿಸುವ ವಾಕಿಂಗ್ ಫೂಟ್ ಹಾಕಿ, ಅದೂ ಇಲ್ಲದಿದ್ದರೆ ಬಟ್ಟೆಯ ಮೇಲೂ ಕೆಳಗೂ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಬಟ್ಟೆಯನ್ನು ಹಿಂದಿನಿಂದ ಎಳೆಯುವ ಅಭ್ಯಾಸವಿದ್ದರೆ ಈ ಕೆಲಸ ಮುಗಿಯುವವರೆಗಾದರೂ ಕೈ ಕಟ್ಟಿಹಾಕಿ.

ಆಗಲೇ ಅಲೆ ಬಂದಿದ್ದರೆ ಹಬೆ ಇಸ್ತ್ರಿಯನ್ನು ಒಂದು ಇಂಚು ಮೇಲೆ ಹಿಡಿದು ಹಬೆ ಬಿಟ್ಟು, ಕೈಯಿಂದ ತಟ್ಟಿ ಆರಲು ಬಿಡಿ. ಸ್ವಲ್ಪ ಮಟ್ಟಿಗೆ ಕೂರುತ್ತದೆ. ಇಸ್ತ್ರಿಯ ತಳ ಮಾತ್ರ ತಾಗಬಾರದು. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿಯ ಆಸುಪಾಸಿನಲ್ಲಾದರೂ ಅದಕ್ಕಿಂತ ಬಹಳ ಮೊದಲೇ ಜೂಲು ಮೆತ್ತಗಾಗಿ ಚಪ್ಪಟೆಯಾಗುತ್ತದೆ, ಆ ಹೊಳೆಯುವ ಗುರುತು ಹೋಗುವುದೇ ಇಲ್ಲ.

ಜೋಡಿಸುವ ಕ್ರಮ

ಮುಂದಿನ ಮೂರು ಪ್ಯಾನೆಲ್ ಒಂದು ತುಂಡು, ಹಿಂದಿನ ಮೂರು ಇನ್ನೊಂದು ತುಂಡು. ಬಲ ಬದಿಯ ಹೊಲಿಗೆ ಪೂರ್ತಿ, ಎಡ ಬದಿಯಲ್ಲಿ ಜಿಪ್. ಜೇಬು ಮುಂದಿನ ಎರಡು ಹೊಲಿಗೆಗಳಲ್ಲಿ.

ಜೇಬಿನಿಂದ ಶುರು ಮಾಡಿ. ಫ್ಲೀಸಿನಲ್ಲೇ ಜೇಬು ಮಾಡಿದರೆ ಹೊಟ್ಟೆಯ ಮೇಲೆ ನಾಲ್ಕು ಪದರ ದಪ್ಪ ಬೀಳುತ್ತದೆ, ಲೈನಿಂಗ್ ಬಟ್ಟೆಯಲ್ಲೇ ನಾಲ್ಕು ತುಂಡು ಕತ್ತರಿಸಿ, 7 ಇಂಚು ಅಗಲ, 11½ ಇಂಚು ಉದ್ದ. ಮೇಲಿನ ತುದಿ ಸೊಂಟದವರೆಗೆ ಹೋಗಿ ಸೊಂಟಪಟ್ಟಿಯಲ್ಲಿ ಸಿಕ್ಕಿಕೊಳ್ಳುವುದರಿಂದ ಫೋನು ಹಾಕಿದರೂ ಜೇಬು ಜೋಲುವುದಿಲ್ಲ. ಬಾಯಿ ಸೊಂಟದಿಂದ 3 ಇಂಚು ಕೆಳಗೆ ಶುರುವಾಗಿ 6 ಇಂಚು ಉದ್ದ. ಮುಂದಿನ ನಡು ಪ್ಯಾನೆಲ್‌ನ ಆ ಜಾಗಕ್ಕೆ ಒಳಗಿನಿಂದ ಅರ್ಧ ಇಂಚು ಅಗಲದ ನೇಯ್ದ ಪಟ್ಟಿ ಇಟ್ಟು ಹೊಲಿಯಿರಿ, ಇಲ್ಲದಿದ್ದರೆ ಕೈ ತೂರಿಸಿ ತೂರಿಸಿ ಬಾಯಿ ಅಗಲವಾಗುತ್ತದೆ. ಲೈನಿಂಗಿನ ಗಟ್ಟಿ ಅಂಚನ್ನೇ ಕತ್ತರಿಸಿ ಪಟ್ಟಿಯಾಗಿ ಬಳಸಬಹುದು. ಜೇಬಿನ ತುಂಡುಗಳನ್ನು ಪ್ಯಾನೆಲ್‌ಗೆ 3/8 ಇಂಚಿನಲ್ಲಿ ಕೂಡಿಸಿ, ಆಮೇಲೆ ಪ್ಯಾನೆಲ್‌ಗಳನ್ನು ಅರ್ಧ ಇಂಚಿನಲ್ಲಿ ಕೂಡಿಸಿದರೆ ಜೇಬಿನ ಬಟ್ಟೆ ಹೊರಗೆ ಇಣುಕುವುದಿಲ್ಲ. ಬಾಯಿಯ ಎರಡು ತುದಿಯಲ್ಲೂ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿ.

ಪ್ರತಿ ಹೊಲಿಗೆಯನ್ನೂ ಅಗಲಿಸಿ, ಎರಡು ಕಡೆಯ ಅಂಚನ್ನು ಹೊರಗಿನಿಂದ ಕಾಲಿಂಚು ದೂರದಲ್ಲಿ ಮೇಲ್ಹೊಲಿಗೆ ಹಾಕಿ ಕೂರಿಸಬೇಕು. ಉಣ್ಣೆಯಲ್ಲಿ ಇಸ್ತ್ರಿ ಮಾಡುವ ಕೆಲಸವನ್ನು ಇಲ್ಲಿ ದಾರ ಮಾಡುತ್ತದೆ. ಇದನ್ನು ಬಿಟ್ಟರೆ ಒಳಗಿನ ಅಂಚುಗಳು ಎದ್ದು ನಿಂತು ಸ್ಕರ್ಟಿನ ಉದ್ದಕ್ಕೂ ಆರು ಏಣುಗಳು ಕಾಣುತ್ತವೆ. ಫ್ಲೀಸ್ ಎಳೆ ಬಿಡುವುದಿಲ್ಲವಾದ್ದರಿಂದ ಇಂಟರ್‌ಲಾಕ್ ಬೇಕಿಲ್ಲ, ಮೇಲ್ಹೊಲಿಗೆ ಆದಮೇಲೆ ಉಳಿದ ಅಂಚನ್ನು ಹತ್ತಿರಕ್ಕೆ ಕತ್ತರಿಸಿ. ಜೇಬಿನ ಬಾಯಿ ಇರುವಷ್ಟು ಉದ್ದಕ್ಕೆ ಮೇಲ್ಹೊಲಿಗೆ ನಿಲ್ಲಿಸಿ, ಅಲ್ಲಿ ಜೇಬಿನ ಚೀಲ ಮುಂದಕ್ಕೆ ಮಲಗಲು ಬದಿ ಪ್ಯಾನೆಲ್‌ನ ಅಂಚಿಗೆ ಮೇಲೆ ಕೆಳಗೆ ಒಂದೊಂದು ಕಚ್ಚು ಕೊಡಿ. ಎರಡು ಮೂರು ಹೊಲಿಗೆ ಮುಗಿದಾಗಲೆಲ್ಲ ಬಾಬಿನ್ ಕೇಸ್ ತೆಗೆದು ಬ್ರಷ್ ಆಡಿಸಿ.

ಜಿಪ್

ಎಡ ಬದಿಯನ್ನು ಸೊಂಟದಿಂದ 8½ ಇಂಚು ಕೆಳಗಿನಿಂದ ತುದಿಯವರೆಗೆ ಹೊಲಿಯಿರಿ. ಜಿಪ್ ಕೂರುವ ಎರಡು ಅಂಚಿಗೂ ಒಳಗಿನಿಂದ 1 ಇಂಚು ಅಗಲದ ಪಾಪ್ಲಿನ್ ಪಟ್ಟಿ ಹೊಲಿಯಿರಿ. ಅಂಟಿಸುವ ಕ್ಯಾನ್ವಾಸ್ ಇಲ್ಲಿ ಆಗದು, ಅಂಟು ಕರಗುವ ಶಾಖಕ್ಕೆ ಜೂಲು ಚಪ್ಪಟೆಯಾಗುತ್ತದೆ. ಪಟ್ಟಿ ಇಲ್ಲದೆ ಜಿಪ್ ಹಾಕಿದರೆ ಫ್ಲೀಸ್ ಹಿಗ್ಗಿ, ಜಿಪ್ ಹಾವಿನಂತೆ ಡೊಂಕಾಗುತ್ತದೆ. ಫ್ಲೀಸ್ ಹೊಲಿಗೆಯಲ್ಲಿ ಹೆಚ್ಚು ಬಿಚ್ಚಿ ಹೊಲಿಯುವ ಜಾಗ ಇದೇ.

ಅಂಚುಗಳನ್ನು ಅರ್ಧ ಇಂಚು ಒಳಕ್ಕೆ ಮಡಿಸಿ ಕಚ್ಚಾ ಹೊಲಿಗೆ ಹಾಕಿ, ಕೆಳಗೆ ಜಿಪ್ ಇಟ್ಟು ಹಲ್ಲಿನಿಂದ ಕಾಲಿಂಚು ಬಿಟ್ಟು ಎರಡೂ ಬದಿ ಕೆಳಗಿನಿಂದ ಮೇಲಕ್ಕೇ ಹೊಲಿಯಿರಿ. ಒಂದು ಬದಿ ಮೇಲಿನಿಂದ, ಇನ್ನೊಂದು ಕೆಳಗಿನಿಂದ ಹೊಲಿದರೆ ಮೇಲಿನ ಅಂಚುಗಳು ಏರುಪೇರಾಗುತ್ತವೆ. ಆಮೇಲೆ ಹಲ್ಲಿನ ಪಕ್ಕದ ಜೂಲನ್ನು ಚಿಕ್ಕ ಕತ್ತರಿಯಿಂದ ಮೋಟು ಮಾಡಿಬಿಡಿ.

ಲೈನಿಂಗಿನ ಎಡ ಬದಿಯನ್ನೂ ಹೀಗೆಯೇ 9 ಇಂಚು ತೆರೆದು ಬಿಟ್ಟು ಹೊಲಿದು, ಸ್ಕರ್ಟಿನ ಒಳಗೆ ಒಳಬದಿಗೆ ಒಳಬದಿ ಸೇರುವಂತೆ ತೂರಿಸಿ. ಜೇಬಿನ ಚೀಲ ಎರಡರ ನಡುವೆ ಬರುತ್ತದೆ. ಸೊಂಟದಲ್ಲಿ ಎರಡನ್ನೂ ಸೇರಿಸಿ ಅಂಚಿನಿಂದ 3/8 ಇಂಚಿನಲ್ಲಿ ಉದ್ದ ಹೊಲಿಗೆ ಹಾಕಿ ಅಳೆಯಿರಿ. 30 ಇಂಚಿಗಿಂತ ಹೆಚ್ಚಿದ್ದರೆ ಫ್ಲೀಸ್ ಹಿಗ್ಗಿದೆ ಎಂದರ್ಥ, ಈ ದಾರವನ್ನೇ ಸ್ವಲ್ಪ ಎಳೆದು 30ಕ್ಕೆ ಇಳಿಸಿ. ಅರ್ಧ ಮುಕ್ಕಾಲು ಇಂಚಿನವರೆಗೆ ಫ್ಲೀಸ್ ಸುಕ್ಕಿಲ್ಲದೆ ನುಂಗುತ್ತದೆ. ಜಿಪ್ಪಿನ ಪಟ್ಟಿಗೆ ಲೈನಿಂಗನ್ನು ಕೈಹೊಲಿಗೆಯಲ್ಲಿ ಕೂರಿಸಿ, ಹಲ್ಲಿನಿಂದ ಕಾಲಿಂಚಾದರೂ ದೂರ ಇರಲಿ.

ಸೊಂಟಪಟ್ಟಿ

ಫ್ಲೀಸಿನಲ್ಲೇ ಸೊಂಟಪಟ್ಟಿ ಮಾಡಬೇಕೆಂಬ ಆಸೆ ಬೇಡ. ದಪ್ಪವೂ ಹೌದು, ಸಂಜೆಯ ಹೊತ್ತಿಗೆ ಹಿಗ್ಗಿ ಸ್ಕರ್ಟ್ ಹಿಪ್ಪಿಗೆ ಇಳಿದಿರುತ್ತದೆ. ಟ್ವಿಲ್ ಪಟ್ಟಿಯ ಹೊರಮೈಯ ಅರ್ಧಕ್ಕೆ, ಸ್ಕರ್ಟಿಗೆ ಕೂಡಿಸುವ ಮೊದಲೇ, ಕ್ಯಾನ್ವಾಸ್ ಅಂಟಿಸಿ ಇಸ್ತ್ರಿ ಮಾಡಿಕೊಳ್ಳಿ. 32 ಇಂಚಿನಲ್ಲಿ ಎರಡು ತುದಿಗೆ ಅರ್ಧರ್ಧ ಹೋಗಿ, 30 ಸೊಂಟಕ್ಕೆ, 1 ಇಂಚು ಹುಕ್ಕಿನ ನಾಲಗೆಗೆ. ಪಟ್ಟಿಯನ್ನು ಸ್ಕರ್ಟಿನ ಹೊರಬದಿಗೆ ಇಟ್ಟು ಅರ್ಧ ಇಂಚಿನಲ್ಲಿ ಹೊಲಿಯುವಾಗ ಟ್ವಿಲ್ ಮೇಲೆ, ಫ್ಲೀಸ್ ಕೆಳಗೆ ಇರಲಿ, ಹಲ್ಲು ಕೆಳಗಿನ ಪದರವನ್ನು ತುಸು ಹೆಚ್ಚು ಎಳೆದುಕೊಳ್ಳುವುದರಿಂದ ಹಿಗ್ಗಿದ ಫ್ಲೀಸ್ ತಾನಾಗಿಯೇ ಸರಿಹೊಂದುತ್ತದೆ. ಪ್ಯಾನೆಲ್ ಹೊಲಿಗೆ ಬರುವ ಕಡೆ ಮೆಷಿನ್ನು ತಡವರಿಸಿದರೆ ಗಾಲಿಯನ್ನು ಕೈಯಲ್ಲಿ ತಿರುಗಿಸಿ ದಾಟಿಸಿ, 16ನೇ ನಂಬರ್ ಸೂಜಿ ಹಾಕಿದರೆ ಇನ್ನೂ ಒಳ್ಳೆಯದು.

ಈಗ ಒಳಗಿನ ಪದರಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸದೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ: ಫ್ಲೀಸ್ 1/8 ಇಂಚು, ಲೈನಿಂಗ್ ಕಾಲಿಂಚು, ಟ್ವಿಲ್ ಅರ್ಧ ಇಂಚು. ಸೊಂಟ ಉಬ್ಬದೆ ಕೂರುವ ಗುಟ್ಟು ಇದೊಂದೇ. ಪಟ್ಟಿಯನ್ನು ಮೇಲಕ್ಕೆ ತಿರುಗಿಸಿ, ಒಳಕ್ಕೆ ಮಡಿಸಿ, ಕೈಹೊಲಿಗೆಯಲ್ಲಿ ಲೈನಿಂಗಿಗೆ ಕೂಡಿಸಿ, ಹುಕ್ಕು ಹಾಕಿ. ಕಾಜ ಮಾಡಿ ಗುಂಡಿ ಹಾಕುವುದಾದರೂ ಟ್ವಿಲ್ ಮೇಲೆ ಅದು ಸಲೀಸು.

ಕೆಳಗಿನ ಅಂಚು

ಒಂದು ರಾತ್ರಿ ಹ್ಯಾಂಗರಿಗೆ ನೇತುಹಾಕಿ. ಆಮೇಲೆ ತೊಟ್ಟು ನೇರ ನಿಂತು, ನೆಲದಿಂದ ಅಳತೆ ಕಡ್ಡಿ ಹಿಡಿದು ಬೇರೆಯವರು ಚಾಕಿನಿಂದ ಗುರುತು ಹಾಕಲಿ. ಹಿಪ್ಪಿನ ಉಬ್ಬಿಗೆ ಹಿಂಭಾಗ ತುಸು ಮೇಲೇರಿರುತ್ತದೆ, ಮೇಜಿನ ಮೇಲೆ ಹಾಸಿ ಅಳೆದರೆ ಅದು ಗೊತ್ತಾಗುವುದಿಲ್ಲ.

ಫ್ಲೀಸನ್ನು ಒಂದೇ ಸಲ ಮಡಿಸಿ, ಎರಡು ಸಲ ಮಡಿಸಿದರೆ ಅಂಚು ಹಗ್ಗದಂತಾಗುತ್ತದೆ. ಮಡಿಕೆಯೊಳಗೆ ಬರುವ ಪ್ಯಾನೆಲ್ ಹೊಲಿಗೆಯ ಅಂಚುಗಳನ್ನು ಮೊದಲೇ ಕತ್ತರಿಸಿ ತೆಗೆಯಿರಿ. ಮುಕ್ಕಾಲು ಇಂಚಿನಲ್ಲಿ ಒಂದು ಸಾಲು, ಅದರ ಕೆಳಗೆ ಕಾಲಿಂಚಿಗೆ ಇನ್ನೊಂದು ಸಾಲು ಹೊಲಿದರೆ ಮಡಿಕೆ ಚಪ್ಪಟೆಯಾಗಿ ನಿಲ್ಲುತ್ತದೆ, ಸ್ಕರ್ಟ್ ಕೆಳಕ್ಕೆ ತೂಗಲು ತುಸು ಭಾರವೂ ಬರುತ್ತದೆ. ಲೈನಿಂಗನ್ನು ಬೇರೆಯಾಗಿಯೇ ಎರಡು ಸಲ ಮಡಿಸಿ ಹೊಲಿಯಿರಿ, ಫ್ಲೀಸಿಗೆ ಕೂಡಿಸಬೇಡಿ. ಕೆಳಗೆ ಎರಡೂ ಸೇರಿದ್ದರೆ ಹಿಗ್ಗುವ ಬಟ್ಟೆ, ಹಿಗ್ಗದ ಬಟ್ಟೆ ಒಂದನ್ನೊಂದು ಜಗ್ಗಿ ಗುಳ್ಳೆಯಂತೆ ಉಬ್ಬುತ್ತದೆ. ಗಾಳಿಗೆ ಲೈನಿಂಗ್ ಮೇಲೇಳುತ್ತದೆ ಎನಿಸಿದರೆ ಎರಡು ಬದಿಯ ಹೊಲಿಗೆಯ ಬಳಿ ಒಂದು ಇಂಚು ಉದ್ದದ ದಾರದ ಕೊಂಡಿ ಹಾಕಿ.

ಬಳಸುವಾಗ, ಒಗೆಯುವಾಗ

ಒಲೆ, ಹೀಟರ್, ಚಳಿ ಕಾಯಿಸುವ ಬೆಂಕಿಯ ಹತ್ತಿರ ಈ ಸ್ಕರ್ಟ್ ಬೇಡ. ಪಾಲಿಯೆಸ್ಟರ್ ಉರಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳದು, ಆ ಒಂದು ವಿಷಯದಲ್ಲಿ ಫ್ಲೀಸ್ ಯಾವತ್ತೂ ಉಣ್ಣೆಗೆ ಸಮವಲ್ಲ. ಬೆಂಕಿ ಮುಂದೆ ಕೆಲಸ ಮಾಡುವವರಿಗೆ ಹೊಲಿಯುವುದಾದರೆ ಹಳೆಯ ಉಣ್ಣೆ ಕಂಬಳಿ ಹುಡುಕಿ.

ಒಗೆಯುವಾಗ ಒಳಹೊರಗು ಮಾಡಿ, 30 ಡಿಗ್ರಿ ನೀರು, ಕಡಿಮೆ ಸೋಪು. ಬಟ್ಟೆ ಮೆದುಗೊಳಿಸುವ ದ್ರಾವಣ ಜೂಲಿಗೆ ಮೆತ್ತಿಕೊಂಡು ಅದನ್ನು ಮಂಕು ಮಾಡುತ್ತದೆ. ಪ್ರತಿ ಒಗೆತಕ್ಕೂ ಸಣ್ಣ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುವುದರಿಂದ ಕಲೆಯಾದಲ್ಲಿ ಮಾತ್ರ ಒರೆಸಿ, ಪೂರ್ತಿ ಒಗೆಯುವುದನ್ನು ಆದಷ್ಟು ಮುಂದೂಡಿ. ಹಿಂಡದೆ ನೆರಳಿಗೆ ಹಾಕಿದರೂ ಫ್ಲೀಸ್ ಬೇಗ ಒಣಗುತ್ತದೆ, ಸೊಂಟಪಟ್ಟಿ ಮಾತ್ರ ತೇವ ಹಿಡಿದಿರುತ್ತದೆ. ಆದ್ದರಿಂದ ಸೊಂಟ ಕೆಳಗೆ ಮಾಡಿ, ಕೆಳಗಿನ ಅಂಚಿಗೆ ಕ್ಲಿಪ್ಪು ಹಾಕಿ ನೇತುಹಾಕಬೇಡಿ. ಒದ್ದೆ ಪಟ್ಟಿಯ ಭಾರಕ್ಕೆ ಅಂಚು ಜಗ್ಗಿ ಅಲೆಯಾಗುತ್ತದೆ. ಸೊಂಟವನ್ನೇ ಮೇಲೆ ಮಾಡಿ, ಜಿಪ್ ತೆರೆದು, ಪಟ್ಟಿಗೆ ನಾಲ್ಕು ಕಡೆ ಕ್ಲಿಪ್ಪು ಹಾಕಿ.